ಎಂಬಿಎ ಅರ್ಜಿಗೆ ಸಲಹೆಗಾರರ ನೆರವು: ದುಡ್ಡು ಕೊಡುವುದು ಯಾವುದಕ್ಕೆ?

ಎರಡನೇಸುತ್ತು

ಬರುವ ಜನವರಿಯ ಸುತ್ತಿನಲ್ಲಿ ಎಂಬಿಎಗೆ ಅರ್ಜಿ ಹಾಕಲಿದ್ದೇನೆ. ಸರಕು ಸಾಗಣೆ ಕ್ಷೇತ್ರದಲ್ಲಿ ಕೆಲಸ, ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನಲ್ಲಿ ಅಂಕ 655, ಮನಸ್ಸಿನಲ್ಲಿರುವ ಬಿಸಿನೆಸ್ ಶಾಲೆಗಳು ಸದ್ಯಕ್ಕೆ ನಾಲ್ಕು. ಪ್ರವೇಶ ಸಲಹೆಗಾರರನ್ನು ಹಿಡಿಯಬೇಕೋ ಬೇಡವೋ ಎಂಬುದು ಮಾತ್ರ ಬಗೆಹರಿದಿಲ್ಲ.

ಒಂದು ಸಂಸ್ಥೆಯವರ ಉಚಿತ ಕರೆಯಲ್ಲಿ ಮಾತನಾಡಿದೆ. ಆ ಕಡೆ ಇದ್ದವರು ನನ್ನನ್ನು ಕೇಳಿದ್ದು ಕಡಿಮೆ, ಹೇಳಿದ್ದೇ ಹೆಚ್ಚು. "ನಿಮ್ಮ ಕಥೆ ಸ್ವಲ್ಪ ಸಪ್ಪೆ. ಅಂಕವೂ 700 ಆಗಿದ್ದರೆ ಚೆನ್ನಾಗಿತ್ತು. ಆದರೂ ಚಿಂತೆ ಬೇಡ, ಕಥೆಯನ್ನು ನಾವು ಕಟ್ಟಿಕೊಡುತ್ತೇವೆ" ಎಂದರು. ನಾಲ್ಕು ಶಾಲೆಗಳ ಪ್ಯಾಕೇಜ್ ತೆಗೆದುಕೊಂಡರೆ ಐದನೆಯದು ಅರ್ಧ ದರಕ್ಕೆ. ತಿದ್ದುಪಡಿಗೆ ಮಿತಿಯಿಲ್ಲ. ಯಶಸ್ಸಿನ ಪ್ರಮಾಣ ಶೇ 90ಕ್ಕೂ ಹೆಚ್ಚು. ಈ ವಾರದೊಳಗೆ ಹಣ ಕಟ್ಟಿದರೆ ರಿಯಾಯಿತಿ.

ಮೊತ್ತ ಸಣ್ಣದೇನಲ್ಲ. ಅದಕ್ಕೆ ಪ್ರತಿಯಾಗಿ ನಿಜಕ್ಕೂ ಏನು ಸಿಗುತ್ತದೆ ಎಂದು ಈ ದಾರಿಯಲ್ಲಿ ಹೋಗಿಬಂದವರು ಹೇಳಿದರೆ ಉಪಕಾರವಾಗುತ್ತದೆ. "ಬೇಕೇ ಬೇಕು" ಎನ್ನುವವರೂ "ಎಲ್ಲ ಮೋಸ" ಎನ್ನುವವರೂ ಈಗಾಗಲೇ ಸಾಕಷ್ಟು ಸಿಕ್ಕಿದ್ದಾರೆ. ನನಗೆ ವಿವರ ಬೇಕು.

ಕೆಂಪುಶಾಯಿ

ಮೊದಲು ಆ 700ರ ಮಾತನ್ನು ಮುಗಿಸಿಬಿಡೋಣ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಒಟ್ಟು ಅಂಕ 205ರಿಂದ 805ರವರೆಗೆ ಇರುತ್ತದೆ, ಪ್ರತಿ ಅಂಕವೂ 5ರಲ್ಲಿ ಮುಗಿಯುತ್ತದೆ. ಈಗ ಪರೀಕ್ಷೆ ಬರೆಯುವ ಯಾರಿಗೂ 700 ಬರುವುದು ಸಾಧ್ಯವೇ ಇಲ್ಲ. ಹಳೆಯ ಪರೀಕ್ಷೆ 2024ರ ಜನವರಿಯ ಕೊನೆಗೆ ನಿಂತಿತು. ಅಲ್ಲಿ 700ಕ್ಕೆ ಇದ್ದ ಸ್ಥಾನ ಇಲ್ಲಿ ಹೆಚ್ಚೂಕಡಿಮೆ 645ಕ್ಕೆ ಇದೆ. ಅಂದರೆ ನಿಮ್ಮ ಅಂಕ ಅವರು ಬಯಸಿದ್ದಕ್ಕಿಂತ ಮೇಲೆಯೇ ಇದೆ. ದಿನವಿಡೀ ಇದೇ ಕೆಲಸ ಮಾಡುವವರಿಗೆ ಇಷ್ಟು ಗೊತ್ತಿಲ್ಲವೆಂದರೆ ಕರೆಯಲ್ಲಿದ್ದವರು ಸಲಹೆಗಾರರಲ್ಲ, ಮಾರಾಟ ವಿಭಾಗದವರು.

ನಾನು ಇಂಥ ಒಂದು ಸಂಸ್ಥೆಗೆ ಕೆಲಕಾಲ ಪ್ರಬಂಧಗಳನ್ನು ಓದಿಕೊಡುತ್ತಿದ್ದೆ. ಒಳಗಿನ ವ್ಯವಸ್ಥೆ ಹೇಗಿರುತ್ತದೆ ಎಂದು ಹೇಳುತ್ತೇನೆ.

ಹಣ ಕಟ್ಟಿದ ಮೇಲೆ ಒಂದು ಉದ್ದದ ಪ್ರಶ್ನಾವಳಿ ಬರುತ್ತದೆ. ಬಾಲ್ಯ, ಕೆಲಸ, ಸೋಲು, ಗೆಲುವು, ಗುರಿ ಎಲ್ಲವನ್ನೂ ಅದರಲ್ಲಿ ಸುರಿಯಬೇಕು. ಅದನ್ನು ಇಟ್ಟುಕೊಂಡು ಶಾಲೆಗಳ ಪಟ್ಟಿ, ಯಾವ ಪ್ರಬಂಧಕ್ಕೆ ಯಾವ ಪ್ರಸಂಗ ಎಂಬ ಹಂಚಿಕೆ, ಆಮೇಲೆ ಕರಡುಗಳು, ರೆಸ್ಯೂಮೆ, ಶಿಫಾರಸು ಬರೆಯುವವರಿಗೆ ಟಿಪ್ಪಣಿ, ಕೊನೆಗೆ ಅಣಕು ಸಂದರ್ಶನ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಗ್ರಾಹಕರ ಹಣಕ್ಕೆ ತಕ್ಕ ಬೆಲೆ ಸಿಗುವುದು ಮೊದಲ ಎರಡು ಮೂರು ಹಂತಗಳಲ್ಲಿ. ಸಂಸ್ಥೆ ಜಾಹೀರಾತು ಮಾಡುವುದು ಮಾತ್ರ ಕರಡು ತಿದ್ದುವ ಹಂತವನ್ನು, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕೆಂಪು ಗುರುತುಗಳಿಂದ ತುಂಬಿದ ಹಾಳೆ ವಾಪಸು ಬಂದಾಗ ಕೊಟ್ಟ ದುಡ್ಡಿಗೆ ಕೆಲಸ ಆಯಿತು ಎಂಬ ಸಮಾಧಾನ.

ಯಶಸ್ಸಿನ ಪ್ರಮಾಣದ ವಿಷಯ. "ಯಾವುದರ ಯಶಸ್ಸು?" ಎಂದು ಕೇಳಿ ನೋಡಿ. ಬಹಳಷ್ಟು ಕಡೆ ಅದರ ಅರ್ಥ, ಅರ್ಜಿ ಹಾಕಿದ ಶಾಲೆಗಳಲ್ಲಿ ಕನಿಷ್ಠ ಒಂದರಲ್ಲಿ ಸೀಟು ಸಿಕ್ಕಿತು ಎಂದು. ಪಟ್ಟಿಗೆ ಖಚಿತವಾಗಿ ಸಿಗುವ ಒಂದು ಶಾಲೆ ಸೇರಿಸಿದರೆ ಲೆಕ್ಕ ತಾನಾಗಿ ಮೇಲೇರುತ್ತದೆ. ನೀವು ಆ ಶಾಲೆಗೆ ಹೋಗುವಿರೋ ಇಲ್ಲವೋ ಅವರಿಗೆ ಸಂಬಂಧವಿಲ್ಲ. ಐದನೆಯ ಶಾಲೆಗೆ ಅರ್ಧ ದರ ಏಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಸ್ವಂತಕೈ

ಬೇಡ. ನಾನು ಯಾರನ್ನೂ ಹಿಡಿಯದೆ ಸೇರಿದವನು, ನನ್ನ ತರಗತಿಯಲ್ಲಿ ಹಾಗೆ ಸೇರಿದವರು ಬೇಕಾದಷ್ಟು ಮಂದಿ ಇದ್ದರು.

ಸಲಹೆಗಾರರು ಮಾರುವ ಮಾಹಿತಿಯಲ್ಲಿ ಬಹುಪಾಲು ಬಿಟ್ಟಿಯಾಗಿ ಸಿಗುತ್ತದೆ. ಪ್ರತಿ ಶಾಲೆಯ ಪ್ರವೇಶ ಕಚೇರಿಯೂ ಆನ್‌ಲೈನ್ ಮಾಹಿತಿ ಸಭೆ ನಡೆಸುತ್ತದೆ, ಅಲ್ಲಿ ಅರ್ಜಿ ಓದುವವರೇ ಬಂದು ಮಾತನಾಡುತ್ತಾರೆ. ವಿದ್ಯಾರ್ಥಿ ಸಂಘಗಳಲ್ಲಿ ಹೊಸಬರ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಜನರಿರುತ್ತಾರೆ. ಸರಕು ಸಾಗಣೆ ಹಿನ್ನೆಲೆಯಿಂದ ಬಂದ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರ ಜೊತೆ ಇಪ್ಪತ್ತು ನಿಮಿಷ ಮಾತನಾಡಿದರೆ ಯಾವ ಪ್ಯಾಕೇಜ್‌ನಲ್ಲೂ ಇಲ್ಲದ ವಿಷಯ ತಿಳಿಯುತ್ತದೆ.

ಪ್ರಬಂಧದ ಪ್ರಶ್ನೆಗಳೇನು ಗುಟ್ಟೇ? ಸ್ಟ್ಯಾನ್‌ಫರ್ಡ್ ಬಹಳ ವರ್ಷಗಳಿಂದ ಕೇಳುತ್ತಿರುವುದು ಒಂದೇ: ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಏನು, ಏಕೆ? ಇದಕ್ಕೆ ಉತ್ತರ ಹುಡುಕಿಕೊಡಲು ಇನ್ನೊಬ್ಬರಿಗೆ ಹಣ ಕೊಡುವುದೆಂದರೆ ಅಂಗೈ ಹುಣ್ಣಿಗೆ ಕನ್ನಡಿ ತರಿಸಿದಂತೆ. ಪ್ರಬಂಧವನ್ನು ಬೇರೆಯವರು ಬರೆದುಕೊಡುವಂತಿಲ್ಲ ಎಂದು ಅವರ ನಿಯಮದಲ್ಲೇ ಇದೆ. "ಕಥೆ ಕಟ್ಟಿಕೊಡುತ್ತೇವೆ" ಎಂದವರಿಗೆ ಆ ನಿಯಮ ಓದಿಸಿ.

ಮರುಅರ್ಜಿ

ಸ್ವಂತಕೈ ಅವರ ಮಾತು ಅರ್ಧ ಒಪ್ಪುತ್ತೇನೆ. ತನಗೆ ಮುಖ್ಯವಾದದ್ದು ಏನೆಂದು ಎಲ್ಲರಿಗೂ ಗೊತ್ತಿರುತ್ತದೆ, ಬರೆಯಲು ಕುಳಿತಾಗ ಅದೇ ತಪ್ಪಿಸಿಕೊಳ್ಳುತ್ತದೆ. ನಾನು ಮೊದಲ ವರ್ಷ ಯಾರ ನೆರವೂ ಇಲ್ಲದೆ ಅರ್ಜಿ ಹಾಕಿದ್ದೆ. ಸಂದರ್ಶನದ ಕರೆಯೇ ಬರಲಿಲ್ಲ. ಮರುವರ್ಷ ಗಂಟೆ ಲೆಕ್ಕದಲ್ಲಿ ಒಬ್ಬರನ್ನು ಗೊತ್ತುಮಾಡಿಕೊಂಡೆ. ಹಿಂದೆ ಒಂದು ಪ್ರವೇಶ ಕಚೇರಿಯಲ್ಲಿ ಅರ್ಜಿಗಳನ್ನು ಓದುತ್ತಿದ್ದವರು. ತಿರಸ್ಕೃತವಾದ ಅರ್ಜಿಯನ್ನು ಪೂರ್ತಿ ತರಿಸಿಕೊಂಡು ಓದಿ ಬಂದಿದ್ದರು.

ನನ್ನ ಪ್ರಬಂಧದಲ್ಲಿ ಒಂದು ವಾಕ್ಯವಿತ್ತು: "ವಿವಿಧ ವಿಭಾಗಗಳ ತಂಡವನ್ನು ಮುನ್ನಡೆಸಿ ಹೊಸ ತಂತ್ರಾಂಶವನ್ನು ಯಶಸ್ವಿಯಾಗಿ ಜಾರಿಗೆ ತಂದೆ." ಅವರು ಆ ವಾಕ್ಯವನ್ನು ತಿದ್ದಲಿಲ್ಲ. "ಯಾರು ಬೇಡ ಎಂದರು?" ಎಂದು ಕೇಳಿದರು.

ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಎಂದೆ.

"ಏಕೆ?"

ಅವರು ತಮ್ಮ ಹಳೆಯ ಹಾಳೆಗಳನ್ನೇ ನೆಚ್ಚಿಕೊಂಡಿದ್ದರು ಎಂದೆ.

"ಆ ಹಾಳೆಗಳಲ್ಲಿ ಏನಿತ್ತು?"

ಅಲ್ಲಿ ನಾನು ತಡೆದು ಯೋಚಿಸಬೇಕಾಯಿತು. ಹಾಳೆಗಳಲ್ಲಿ ಇದ್ದದ್ದು ಕೆಲವು ಹಳೆಯ ಗ್ರಾಹಕರಿಗೆ ಬಾಯಿಮಾತಿನಲ್ಲಿ ಕೊಟ್ಟಿದ್ದ ವಿನಾಯಿತಿಗಳು. ತಂತ್ರಾಂಶದಲ್ಲಿ ಅವುಗಳಿಗೆ ಜಾಗವೇ ಇರಲಿಲ್ಲ. ಆ ಹಿರಿಯರು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಅವರ ಪಕ್ಕದಲ್ಲಿ ಕುಳಿತು ಒಂದೊಂದೇ ವಿನಾಯಿತಿಯನ್ನು ದಾಖಲಿಸಿ ಯೋಜನೆಯನ್ನೇ ಬದಲಿಸಿದ್ದೆವು. ಇಷ್ಟನ್ನು ಕೇಳಿದ ಮೇಲೆ ಸಲಹೆಗಾರರು ಹೇಳಿದ್ದು, "ಇದು ನಿಮ್ಮ ಅರ್ಜಿಯಲ್ಲಿ ಎಲ್ಲಿಯೂ ಇಲ್ಲವಲ್ಲ."

ಆ ಪ್ರಬಂಧದಲ್ಲಿ ಅವರು ಬರೆದ ಪದ ಒಂದೂ ಇಲ್ಲ. ನಾನು ಹಣ ಕೊಟ್ಟದ್ದು ಆ ಪ್ರಶ್ನೆಗಳಿಗೆ. ಸ್ನೇಹಿತರಿಗೂ ಕರಡು ತೋರಿಸಿದ್ದೆ. "ಚೆನ್ನಾಗಿದೆ" ಎಂದಿದ್ದರು. ಸ್ನೇಹಿತರು ಹೇಳುವುದೇ ಅದನ್ನು.

ಸ್ವಂತಕೈ

ಇಷ್ಟನ್ನು ಕೇಳಲು ಒಬ್ಬ ಸಹೋದ್ಯೋಗಿ ಸಾಲದೇ?

ಮರುಅರ್ಜಿ

ಸಾಕು, ಅಂಥ ಸಹೋದ್ಯೋಗಿ ಇದ್ದರೆ. ನನಗೆ ಇರಲಿಲ್ಲ. ಎಂಬಿಎಗೆ ಹೋಗುವ ಯೋಚನೆ ಕಚೇರಿಯಲ್ಲಿ ತಿಳಿದರೆ ಮುಂದಿನ ಬಡ್ತಿಯ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ ಎಂಬ ಪರಿಸ್ಥಿತಿಯಲ್ಲಿ ಬಹಳ ಜನ ಇದ್ದಾರೆ.

ಕಿಟಕಿಪಕ್ಕ

ನಾನು ಓದಿದ ಶಾಲೆಗಾಗಿ ಹಳೆಯ ವಿದ್ಯಾರ್ಥಿಯಾಗಿ ಕೆಲವು ವರ್ಷ ಸಂದರ್ಶನ ನಡೆಸಿದ್ದೇನೆ. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ಬೇರೆಯವರು ಬರೆದ ಪ್ರಬಂಧ ಪ್ರಬಂಧದಲ್ಲಿ ಸಿಕ್ಕಿಬೀಳುವುದು ಅಪರೂಪ. ಸಿಕ್ಕಿಬೀಳುವುದು ಆಮೇಲೆ. ಶಾಲೆಗಳು ಈಗ ಒಬ್ಬನೇ ಅಭ್ಯರ್ಥಿಯ ದನಿಯನ್ನು ಹಲವು ಕಡೆಯಿಂದ ಕೇಳಿಸಿಕೊಳ್ಳುತ್ತವೆ. ಅಮೆರಿಕದ ಕೆಲಾಗ್, ಯೇಲ್ ಮುಂತಾದ ಬಿಸಿನೆಸ್ ಶಾಲೆಗಳಲ್ಲಿ ಕ್ಯಾಮೆರಾ ಮುಂದೆ ಉತ್ತರಿಸಬೇಕು, ಯೋಚಿಸಲು ಸಿಗುವುದು ಅತಿ ಕಡಿಮೆ ಸಮಯ. ಅಲ್ಲಿಯದೇ ವಾರ್ಟನ್ ಶಾಲೆ 2012ರಿಂದ ಗುಂಪು ಚರ್ಚೆ ನಡೆಸುತ್ತಿದೆ. ಐದಾರು ಜನ ಅಪರಿಚಿತರು ಸೇರಿ ಒಂದು ವಿಷಯದ ಮೇಲೆ ಒಮ್ಮತಕ್ಕೆ ಬರಬೇಕು. ಅಲ್ಲಿ ಉರು ಹೊಡೆದ ವಾಕ್ಯಕ್ಕೆ ಜಾಗ ಸಿಗುವುದೇ ಕಷ್ಟ. ಹಾರ್ವರ್ಡ್‌ನಲ್ಲಿ ಸಂದರ್ಶನ ನಡೆಸುವವರು ನಿಮ್ಮ ಅರ್ಜಿಯನ್ನು ಪೂರ್ತಿ ಓದಿಕೊಂಡು ಬಂದಿರುತ್ತಾರೆ. ಬಹಳ ವರ್ಷ ಅಲ್ಲಿ ಸಂದರ್ಶನ ಮುಗಿದ 24 ಗಂಟೆಯೊಳಗೆ ಆ ಮಾತುಕತೆಯ ಬಗ್ಗೆ ಅನಿಸಿಕೆ ಬರೆದು ಕಳಿಸಬೇಕಾಗಿತ್ತು. ಆ ಬರಹವನ್ನು ಅರ್ಜಿಯ ಪ್ರಬಂಧದ ಪಕ್ಕದಲ್ಲಿಟ್ಟು ಓದಿದರೆ ಎರಡೂ ಒಂದೇ ಕೈಯವೋ ಅಲ್ಲವೋ ಎಂಬುದು ತಿಳಿಯದೆ ಇರುತ್ತಿರಲಿಲ್ಲ.

ನನ್ನ ಮುಂದೆ ಕುಳಿತಿದ್ದ ಒಬ್ಬರ ರೆಸ್ಯೂಮೆಯಲ್ಲಿ ಗುರಿ ಅದ್ಭುತವಾಗಿತ್ತು: ಹವಾಮಾನ ತಂತ್ರಜ್ಞಾನದಲ್ಲಿ ಹೂಡಿಕೆ. "ಈಚೆಗೆ ಆ ಕ್ಷೇತ್ರದಲ್ಲಿ ನಿಮಗೆ ಒಪ್ಪಿಗೆಯಾಗದ ಹೂಡಿಕೆ ಯಾವುದು?" ಎಂದು ಕೇಳಿದೆ. ಮೆಚ್ಚಿದ್ದು ಯಾವುದು ಎಂದಿದ್ದರೆ ಅಭ್ಯಾಸ ಮಾಡಿದ ಉತ್ತರ ಬರುತ್ತಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, ತಮಗೆ ನಿಜವಾಗಿ ಇಷ್ಟವಿರುವುದು ಆಸ್ಪತ್ರೆಗಳ ಕಾರ್ಯಾಚರಣೆ, ಆದರೆ ಅದು ಸಾಮಾನ್ಯವಾಗಿ ಕೇಳಿಸುತ್ತದೆ ಎಂದು ಯಾರೋ ಹೇಳಿದರು ಎಂದರು. ಆಮೇಲಿನ ಹತ್ತು ನಿಮಿಷ ಆಸ್ಪತ್ರೆಯ ಹಾಸಿಗೆಗಳ ಹಂಚಿಕೆಯ ಬಗ್ಗೆ ಮಾತನಾಡಿದರು. ಇಡೀ ಸಂದರ್ಶನದಲ್ಲಿ ಜೀವವಿದ್ದ ಭಾಗ ಅದೊಂದೇ. ಅವರ ಗುರಿಯನ್ನು ಅದಲುಬದಲು ಮಾಡಿದ ಪುಣ್ಯಾತ್ಮರಿಗೆ ಸಂಭಾವನೆ ಸಂದಿರುತ್ತದೆ.

ಎರಡನೇಸುತ್ತು, ನಿಮ್ಮ ಕಥೆ ಸಪ್ಪೆ ಎಂದರಲ್ಲ, ಅದನ್ನು ನಂಬಬೇಡಿ. ಸರಕು ಸಾಗಣೆಯವರು ಸಪ್ಪೆ ಅಲ್ಲ. ದಿನಕ್ಕೊಂದು ಬಿಕ್ಕಟ್ಟು ನೋಡುವ ಜನ.

ಓದುಗ48

ನಕಲಿನ ವಿಷಯ ಬಂದದ್ದರಿಂದ ಒಂದು ಸೇರ್ಪಡೆ. ಸಿದ್ಧ ಮಾದರಿಗಳಿಂದ ಪ್ರಬಂಧ ಹೆಣೆಯುವ ಸಂಸ್ಥೆಗಳಿವೆ. ಶಾಲೆಗಳೂ ಸುಮ್ಮನೆ ಕುಳಿತಿಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಮೀಲ್ ಬಿಸಿನೆಸ್ ಶಾಲೆ ಸುಮಾರು ಹದಿನೈದು ವರ್ಷಗಳ ಹಿಂದೆಯೇ ಕೃತಿಚೌರ್ಯ ಪತ್ತೆಯ ತಂತ್ರಾಂಶ ಓಡಿಸಿದಾಗ ನಕಲು ಮಾಡಿದವರು ಗುಂಪಾಗಿ ಸಿಕ್ಕಿಬಿದ್ದರು. ಪ್ರಬಂಧದ ವಿಷಯ ಏನಿತ್ತು ಗೊತ್ತೇ? ತತ್ವನಿಷ್ಠ ನಾಯಕತ್ವ. 2012ರಲ್ಲಿ ಯುಸಿಎಲ್‌ಎ ಆಂಡರ್ಸನ್ ಶಾಲೆ ಇದೇ ಕಾರಣಕ್ಕೆ ಹತ್ತಾರು ಅರ್ಜಿಗಳನ್ನು ತಿರಸ್ಕರಿಸಿದ್ದೂ ಸುದ್ದಿಯಾಗಿತ್ತು.

ಎರಡನೇಸುತ್ತು

ಎಲ್ಲರಿಗೂ ಧನ್ಯವಾದಗಳು. ಆ ಸಂಸ್ಥೆಯಿಂದ ಒಪ್ಪಂದದ ಕರಡು ತರಿಸಿಕೊಂಡೆ. ಕೆಲವು ಷರತ್ತುಗಳನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ.

ತಿದ್ದುಪಡಿಗೆ ಮಿತಿಯಿಲ್ಲ, ಆದರೆ ಪ್ರತಿ ಕರಡಿಗೆ ಮೂರು ಕೆಲಸದ ದಿನ ಹಿಡಿಯುತ್ತದೆ, ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲು ಕರಡು ಸ್ವೀಕರಿಸುವುದು ನಿಲ್ಲುತ್ತದೆ. ಸಲಹೆಗಾರರನ್ನು ಸಂಸ್ಥೆಯೇ ನೇಮಿಸುತ್ತದೆ, ನಡುವೆ ಬದಲಾಯಿಸುವ ಹಕ್ಕೂ ಅದರದೇ. ಕೆಲಸ ಶುರುವಾದ ಮೇಲೆ ಹಣ ಹಿಂತಿರುಗಿಸುವುದಿಲ್ಲ. ಹೆಸರು ತೆಗೆದು ನನ್ನ ಪ್ರಬಂಧಗಳನ್ನು ಮಾದರಿಯಾಗಿ ಬಳಸಿಕೊಳ್ಳಬಹುದು. ಅರ್ಜಿ ಖಾತೆಯ ಪಾಸ್‌ವರ್ಡ್ ಕೊಟ್ಟರೆ ನಮೂನೆಗಳನ್ನು ಅವರೇ ತುಂಬುತ್ತಾರಂತೆ.

ಇದರ ಜೊತೆಗೆ ಇನ್ನೊಂದು ತಲೆನೋವು. ಶಿಫಾರಸು ಪತ್ರ ಕೇಳಲು ಮೇಲಧಿಕಾರಿಯ ಹತ್ತಿರ ಹೋದೆ. "ನೀವೇ ಬರೆದುಕೊಂಡು ಬನ್ನಿ, ನಾನು ಕಳಿಸುತ್ತೇನೆ" ಎಂದರು. ಇದನ್ನು ಸಂಸ್ಥೆಯವರಿಗೆ ಹೇಳಿದಾಗ, "ಅದನ್ನೂ ನಾವು ಬರೆಯುತ್ತೇವೆ, ಎರಡು ಪತ್ರಗಳ ಶೈಲಿ ಬೇರೆ ಬೇರೆ ಇರುವಂತೆ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂತು.

ಕೆಂಪುಶಾಯಿ

ಶೈಲಿ ಬೇರೆ ಬೇರೆ ಇರುವಂತೆ! ಇಷ್ಟು ನಾಜೂಕಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿಂದ ಎದ್ದು ಬನ್ನಿ.

ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಅರ್ಜಿಯ ಕೊನೆಯಲ್ಲಿ "ಇದರಲ್ಲಿರುವುದೆಲ್ಲ ನನ್ನದೇ, ಸತ್ಯವೇ" ಎಂದು ದೃಢೀಕರಿಸುವುದು ನೀವು. ಒಳಗೆ ಯಾರೋ ಹುದ್ದೆಯ ಹೆಸರನ್ನು ಒಂದು ಮೆಟ್ಟಿಲು ಏರಿಸಿದ್ದರೂ ಹೊಣೆ ನಿಮ್ಮದು. ಹಲವು ಶಾಲೆಗಳು ಸೀಟು ಕೊಟ್ಟ ಮೇಲೆ ಹೊರಗಿನ ಸಂಸ್ಥೆಗಳ ಮೂಲಕ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಉದ್ಯೋಗದ ದಿನಾಂಕ, ಸಂಬಳ, ಪದವಿ ಅಷ್ಟೇ ಅಲ್ಲ, ಶಿಫಾರಸು ಬರೆದವರನ್ನೂ ಸಂಪರ್ಕಿಸಿ "ಈ ಪತ್ರ ನೀವು ಬರೆದದ್ದೇ?" ಎಂದು ಕೇಳುವುದುಂಟು. ಆ ಹಂತದಲ್ಲಿ ಸೀಟು ರದ್ದಾದರೆ ಕೆಲಸಕ್ಕೂ ರಾಜೀನಾಮೆ ಕೊಟ್ಟಾಗಿರುತ್ತದೆ.

ಪ್ರಬಂಧವನ್ನು ಮಾದರಿಯಾಗಿ ಬಳಸುವ ಷರತ್ತನ್ನು ಯಾವ ಸಂಸ್ಥೆಯ ಒಪ್ಪಂದದಲ್ಲಿ ಕಂಡರೂ ಹೊಡೆದು ಹಾಕಿಸಿ. ನಿಮ್ಮ ಬದುಕಿನ ಪ್ರಸಂಗ ಮುಂದಿನ ವರ್ಷ ಇನ್ನೊಬ್ಬರ ಅರ್ಜಿಯಲ್ಲಿ ಉಡುಪು ಬದಲಿಸಿಕೊಂಡು ಬರಬಹುದು.

ಕಿಟಕಿಪಕ್ಕ

ಮೇಲಧಿಕಾರಿಯ ವಿಷಯಕ್ಕೆ ನ್ಯಾಯವಾದ ದಾರಿಯಿದೆ. ಹೆಚ್ಚಿನವರು "ನೀವೇ ಬರೆಯಿರಿ" ಎನ್ನುವುದು ಸೋಮಾರಿತನದಿಂದಲ್ಲ. ಏನು ಬರೆಯಬೇಕೆಂದು ಅವರಿಗೆ ತೋಚುವುದಿಲ್ಲ. ಜಿಮ್ಯಾಟ್ ನಡೆಸುವ ಜಿಮ್ಯಾಕ್ ಒಂದು ಸಾಮಾನ್ಯ ಶಿಫಾರಸು ನಮೂನೆ ರೂಪಿಸಿದೆ, ಬಹಳ ಶಾಲೆಗಳು ಅದನ್ನೇ ಬಳಸುತ್ತವೆ. ಅದು ಕೇಳುವ ಮುಖ್ಯ ಪ್ರಶ್ನೆಗಳು ಎರಡು. ಇಂಥದ್ದೇ ಕೆಲಸದಲ್ಲಿರುವ ಇತರ ಸಮರ್ಥರ ಜೊತೆ ಹೋಲಿಸಿದರೆ ಈ ವ್ಯಕ್ತಿ ಹೇಗೆ, ಉದಾಹರಣೆ ಕೊಡಿ. ನೀವು ಇವರಿಗೆ ಕೊಟ್ಟ ಅತಿ ಮುಖ್ಯವಾದ ರಚನಾತ್ಮಕ ವಿಮರ್ಶೆ ಯಾವುದು, ಅದಕ್ಕೆ ಇವರು ಹೇಗೆ ಸ್ಪಂದಿಸಿದರು?

ಎರಡನೆಯ ಪ್ರಶ್ನೆಯನ್ನು ಗಮನಿಸಿ. ತಾನೇ ಬರೆದುಕೊಂಡವನು ಇಲ್ಲಿ "ಅತಿಯಾಗಿ ಕೆಲಸ ಮಾಡುತ್ತಾನೆ" ಎಂಬ ಜಾತಿಯ ಉತ್ತರ ಕೊಟ್ಟು ಬಿಡುತ್ತಾನೆ. ನಿಜವಾದ ಮೇಲಧಿಕಾರಿ ಬರೆಯುವುದು ಬೇರೆ: "ಸಭೆಯಲ್ಲಿ ಮೊದಲು ತಾನೇ ಮಾತನಾಡಿ ಬಿಡುತ್ತಿದ್ದರು, ಹೇಳಿದ ಮೇಲೆ ಕೊನೆಯವರೆಗೆ ಕಾಯುವುದನ್ನು ಕಲಿತರು."

ಒಂದು ಪುಟದ ನೆನಪಿನ ಟಿಪ್ಪಣಿ ತಯಾರಿಸಿ. ಒಟ್ಟಿಗೆ ಮಾಡಿದ ಕೆಲಸಗಳು, ಆಗ ಎದುರಾದ ತೊಡಕು, ಅವರು ನಿಮಗೆ ಹೇಳಿದ್ದ ಮಾತು, ಅಂಕಿಸಂಖ್ಯೆ, ಅಷ್ಟೇ. ಹೊಗಳಿಕೆಯ ವಾಕ್ಯ ಒಂದೂ ಬೇಡ. ಎದುರು ಕುಳಿತು ಅರ್ಧ ಗಂಟೆ ಆ ನೆನಪುಗಳನ್ನು ಮಾತನಾಡಿ, ಬರೆಯುವುದನ್ನು ಅವರಿಗೆ ಬಿಡಿ. ಭಾಷೆ ಒರಟಾಗಿದ್ದರೂ ಚಿಂತೆಯಿಲ್ಲ, ಶಿಫಾರಸು ಪತ್ರದ ವ್ಯಾಕರಣಕ್ಕೆ ಯಾರೂ ಅಂಕ ಕೊಡುವುದಿಲ್ಲ. ಒಳ್ಳೆಯ ಸಲಹೆಗಾರರು ಈ ಟಿಪ್ಪಣಿ ತಯಾರಿಸಲು ನೆರವಾಗುತ್ತಾರೆ, ಪತ್ರದ ಹತ್ತಿರ ಸುಳಿಯುವುದಿಲ್ಲ.

ನೇರಮಾತು

ಇಷ್ಟೆಲ್ಲ ಓದಿ ಒಂದೇ ಅನಿಸುತ್ತಿದೆ. ದುಡ್ಡಿದ್ದವರಿಗೆ ತರಬೇತಿ, ಇಲ್ಲದವರಿಗೆ ಹಣೆಬರಹ. 2019ರಲ್ಲಿ ಅಮೆರಿಕದಲ್ಲಿ ಬಯಲಾದ ಹಗರಣ ನೆನಪಿದೆಯೇ? ರಿಕ್ ಸಿಂಗರ್ ಎಂಬಾತ ಮಾಡುತ್ತಿದ್ದದ್ದೂ ಪ್ರವೇಶ ಸಲಹೆಯೇ. ಆಡದವರನ್ನು ಆಟಗಾರರೆಂದು ತೋರಿಸಿ, ತರಬೇತುದಾರರಿಗೆ ಲಂಚ ಕೊಟ್ಟು, ಪರೀಕ್ಷೆಯಲ್ಲಿ ಮೋಸ ಮಾಡಿಸಿ ಸೀಟು ಕೊಡಿಸುತ್ತಿದ್ದ. 2023ರಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು.

ಕೆಂಪುಶಾಯಿ

ಅದು ಪದವಿ ಕಾಲೇಜುಗಳ ಪ್ರವೇಶದ ಹಗರಣ, ಬಿಸಿನೆಸ್ ಶಾಲೆಗಳದ್ದಲ್ಲ. ಲಂಚ ಕೊಡುವವನನ್ನೂ ಕರಡು ಓದುವವನನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ. ಅಸಮಾನತೆಯ ಮಾತು ಮಾತ್ರ ನಿಜ, ಅಲ್ಲಗಳೆಯುವುದಿಲ್ಲ. ಅದನ್ನು ಸ್ವಲ್ಪವಾದರೂ ತುಂಬಿಕೊಡಲು ಲಾಭಕ್ಕಲ್ಲದ ಸಂಸ್ಥೆಗಳಿವೆ. ಮಹಿಳೆಯರಿಗೆ ಫೋರ್ಟೆ ಫೌಂಡೇಶನ್, ಅಮೆರಿಕದ ನಾಗರಿಕರು ಮತ್ತು ಕಾಯಂ ನಿವಾಸಿಗಳಿಗೆ 1966ರಿಂದ ಇರುವ, ‘ಕನ್ಸಾರ್ಷಿಯಂ’ ಎಂದೇ ಕರೆಯುವ ಒಕ್ಕೂಟ. ಹೊರದೇಶದ ಅಭ್ಯರ್ಥಿಗಳಿಗೆ ಇಂಥ ಆಸರೆ ಕಡಿಮೆ.

"ಉಚಿತ ಸಲಹೆ" ಎನ್ನುವವರ ಬಗ್ಗೆಯೂ ಎಚ್ಚರ ಇರಲಿ. ಅಭ್ಯರ್ಥಿಯಿಂದ ಹಣ ಪಡೆಯದ ಏಜೆಂಟರಿಗೆ ವಿಶ್ವವಿದ್ಯಾಲಯಗಳಿಂದ ತಲೆಗಿಷ್ಟು ಎಂದು ಕಮಿಷನ್ ಬರುತ್ತದೆ. ಪೈಪೋಟಿ ಹೆಚ್ಚಿರುವ ಶಾಲೆಗಳು ಸಾಮಾನ್ಯವಾಗಿ ಕಮಿಷನ್ ಕೊಡುವುದಿಲ್ಲ, ಹಾಗಾಗಿ ಅಂಥವರ ಪಟ್ಟಿಯಲ್ಲಿ ಆ ಶಾಲೆಗಳ ಹೆಸರೂ ಇರುವುದಿಲ್ಲ. ನಿಮ್ಮಿಂದ ನೇರವಾಗಿ ಹಣ ಪಡೆಯುವವರ ಸ್ವಾರ್ಥವಾದರೂ ಕಣ್ಣೆದುರಿಗೆ ಇರುತ್ತದೆ.

ಓದುಗ48

ಪ್ರಬಂಧಕ್ಕೆ ಎಐ ಚಾಟ್‌ಬಾಟ್ ಸಾಕಲ್ಲವೇ? ಸಲಹೆಗಾರರ ಕಾಲ ಮುಗಿಯಿತು ಎನ್ನುತ್ತಾರೆ.

ಮರುಅರ್ಜಿ

ಕಾಗುಣಿತಕ್ಕೆ, ಪದಮಿತಿಗೆ ಇಳಿಸಲು ಆಗಬಹುದು. ಶಾಲೆಯಿಂದ ಶಾಲೆಗೆ ನಿಯಮ ಬೇರೆ, ಮೊದಲು ಅದನ್ನು ಓದಿಕೊಳ್ಳಿ. ಪ್ರಶ್ನೆ ಕೇಳು ಎಂದರೆ ಪ್ರಶ್ನೆಯನ್ನೂ ಕೇಳುತ್ತದೆ. ಆದರೆ ನಾನು ನುಣುಚಿಕೊಂಡು ಕೊಟ್ಟ ಉತ್ತರಕ್ಕೆ "ಎಷ್ಟು ಚೆನ್ನಾಗಿ ಹೇಳಿದಿರಿ" ಎನ್ನುತ್ತದೆ. ನನ್ನ ಸಲಹೆಗಾರರು ಹಾಗೆ ಒಂದು ಸಲವೂ ಹೇಳಲಿಲ್ಲ, ಪುಣ್ಯಕ್ಕೆ.

ಎರಡನೇಸುತ್ತು

ಆ ಸಂಸ್ಥೆಗೆ ಬೇಡ ಎಂದು ತಿಳಿಸಿದೆ. ಗಂಟೆ ಲೆಕ್ಕದಲ್ಲಿ ಕೆಲಸ ಮಾಡುವ ಇಬ್ಬರ ಹೆಸರು ಸಿಕ್ಕಿದೆ. ಅವರ ಜೊತೆ ಮೊದಲ ಮಾತುಕತೆಯಲ್ಲಿ ಏನು ಕೇಳಲಿ? ಸಿಗುವ ಕೆಲವೇ ಗಂಟೆಗಳನ್ನು ಯಾವುದಕ್ಕೆ ಇಡಲಿ?

ಕೆಂಪುಶಾಯಿ

ಕೇಳುವುದಕ್ಕಿಂತ ಕೇಳಿಸಿಕೊಳ್ಳಿ. ನಿಮ್ಮ ಕೆಲಸದ ಒಂದು ಪ್ರಸಂಗ ಹೇಳಿ, ಅವರ ಮುಂದಿನ ಮಾತು ಪ್ರಶ್ನೆಯೋ ಹೊಗಳಿಕೆಯೋ ನೋಡಿ. ಅಷ್ಟರಲ್ಲೇ ಅರ್ಧ ತೀರ್ಮಾನ ಆಗುತ್ತದೆ. ಆಮೇಲೆ ನೇರವಾಗಿ ಕೇಳಬೇಕಾದ ಕೆಲವು ಇವೆ. ಕರಡು ಓದುವವರು ನೀವೇನಾ, ಬೇರೆಯವರಾ? ಇದೇ ಸುತ್ತಿನಲ್ಲಿ ಇದೇ ಶಾಲೆಗೆ ನಿಮ್ಮ ಎಷ್ಟು ಗ್ರಾಹಕರು ಅರ್ಜಿ ಹಾಕುತ್ತಿದ್ದಾರೆ? ಈಚೆಗೆ ನೀವು ಬೇಡ ಎಂದು ಕಳಿಸಿದ ಅಭ್ಯರ್ಥಿ ಯಾರಾದರೂ ಇದ್ದಾರಾ, ಏಕೆ? ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲದವರು ಬಂದವರನ್ನೆಲ್ಲ ತೆಗೆದುಕೊಳ್ಳುತ್ತಾರೆ.

"ನಾನು ಪ್ರವೇಶ ಸಮಿತಿಯಲ್ಲಿದ್ದವನು" ಎಂಬ ಮಾತಿಗೆ ಮರುಳಾಗಬೇಡಿ, ಯಾವ ವರ್ಷ ಎಂದು ಕೇಳಿ. ಹಾರ್ವರ್ಡ್ 2024ರಲ್ಲಿ 900 ಪದಗಳ ಒಂದೇ ಪ್ರಬಂಧವನ್ನು ಕೈಬಿಟ್ಟು ಮೂರು ಚಿಕ್ಕ ಪ್ರಬಂಧಗಳನ್ನು ತಂದಿತು. ಎಂಐಟಿಯ ಬಿಸಿನೆಸ್ ಶಾಲೆಯಾದ ಸ್ಲೋನ್ ಪ್ರಬಂಧದ ಬದಲು 300 ಪದಗಳ ಕವರ್ ಲೆಟರ್ ಮತ್ತು ಒಂದು ನಿಮಿಷದ ವಿಡಿಯೊ ಕೇಳುತ್ತದೆ. ಜೊತೆಗೆ ನಿಮ್ಮ ಕಚೇರಿಯಲ್ಲಿ ನೀವು ಎಲ್ಲಿದ್ದೀರಿ ಎಂದು ತೋರಿಸುವ ಸಂಘಟನಾ ನಕ್ಷೆಯನ್ನೂ. ಹತ್ತು ವರ್ಷದ ಹಿಂದಿನ ಅನುಭವ ಬಹುಬೇಗ ಹಳತಾಗುತ್ತದೆ.

ಗಂಟೆಗಳ ಹಂಚಿಕೆ ನಾನಾದರೆ ಹೀಗೆ ಮಾಡುತ್ತೇನೆ. ಹೆಚ್ಚಿನದನ್ನು ಬರೆಯುವ ಮೊದಲೇ ಖರ್ಚು ಮಾಡುತ್ತೇನೆ: ಗುರಿ ನಂಬುವಂತಿದೆಯೇ, ಯಾವ ಪ್ರಸಂಗಗಳು, ಯಾವ ಶಾಲೆಗಳು. ಆಮೇಲೆ ಒಂದು ಶಾಲೆಯ ಅರ್ಜಿಯನ್ನು ಪೂರ್ತಿಯಾಗಿ, ಅಂದರೆ ರೆಸ್ಯೂಮೆ, ನಮೂನೆ, ಪ್ರಬಂಧ ಎಲ್ಲವನ್ನೂ ಒಟ್ಟಿಗೆ ಒಮ್ಮೆ ಓದಿಸುತ್ತೇನೆ. ಬಿಡಿಬಿಡಿಯಾಗಿ ಓದುವಾಗ ಕಾಣದ ತಪ್ಪುಗಳು, ಒಂದೇ ಸಾಧನೆಯನ್ನು ನಾಲ್ಕು ಕಡೆ ಹೇಳಿರುವುದು ಮುಂತಾದವು, ಆಗ ಕಾಣುತ್ತವೆ. ಒಂದು ಗಂಟೆ ಸಂದರ್ಶನಕ್ಕೆ ಎತ್ತಿಡಿ. ಕರೆ ಬರದಿದ್ದರೆ ಅದು ಉಳಿಯುತ್ತದೆ. ವಾಕ್ಯ ತಿದ್ದಲು ಗಂಟೆ ಕೊಡಬೇಡಿ.

ಸಮಯದ ವಿಷಯ: ಜನವರಿಯ ಮೊದಲ ವಾರಗಳಲ್ಲಿ ಬಹಳ ಶಾಲೆಗಳ ಗಡುವು ಇರುತ್ತದೆ. ಡಿಸೆಂಬರ್ ಎರಡನೇ ವಾರದ ನಂತರ ಯಾವ ಒಳ್ಳೆಯ ಸಲಹೆಗಾರರೂ ಬಿಡುವಾಗಿರುವುದಿಲ್ಲ. ಆಗ ಬಿಡುವಾಗಿರುವವರು ಏಕೆ ಬಿಡುವಾಗಿದ್ದಾರೆ ಎಂದು ಯೋಚಿಸಿ.

ಸ್ವಂತಕೈ

ಈ ಕಡೆಯ ಪಟ್ಟಿಗೆ ನನ್ನ ಆಕ್ಷೇಪವಿಲ್ಲ. ಆದರೆ ಶಾಲೆಗಳ ಆಯ್ಕೆಗೆ ಸಲಹೆಗಾರರನ್ನು ಕೇಳುವ ಮೊದಲು ಪ್ರತಿ ಶಾಲೆಯೂ ಪ್ರಕಟಿಸುವ ಉದ್ಯೋಗ ವರದಿಯನ್ನು ಓದಿ. ನಿಮಗೆ ಬೇಕಾದ ಕ್ಷೇತ್ರಕ್ಕೆ ಎಷ್ಟು ಮಂದಿ ಹೋದರು, ಯಾವ ಕಂಪನಿಗಳು ನೇಮಿಸಿಕೊಂಡವು ಎಂಬುದೆಲ್ಲ ಅಲ್ಲಿದೆ. ಕಾರ್ಯಾಚರಣೆ ಮತ್ತು ಸರಬರಾಜು ಸರಪಳಿಗೆ ಹೆಸರಾದ ಶಾಲೆಗಳು ಒಟ್ಟು ರ‍್ಯಾಂಕಿಂಗ್‌ನಲ್ಲಿ ಕೆಳಗಿರಬಹುದು. ರ‍್ಯಾಂಕಿಂಗ್ ನೋಡಿ ಪಟ್ಟಿ ಮಾಡುವವರು ಅವನ್ನು ದಾಟಿಕೊಂಡು ಹೋಗುತ್ತಾರೆ.

ಎರಡನೇಸುತ್ತು

ವರದಿಗಳನ್ನು ಓದಿದೆ. ನಾಲ್ಕರಲ್ಲಿ ಒಂದು ಶಾಲೆ ಪಟ್ಟಿಯಿಂದ ಹೋಯಿತು, ಬೇರೊಂದು ಬಂತು. ಇಬ್ಬರಲ್ಲಿ ಒಬ್ಬರ ಜೊತೆ ಮಾತುಕತೆಯೂ ಆಯಿತು. ಬಂದರಿನಲ್ಲಿ ಸರಕು ಸಿಕ್ಕಿಬಿದ್ದ ಪ್ರಸಂಗ ಹೇಳಿದೆ. "ಆ ರಾತ್ರಿ ಗ್ರಾಹಕರಿಗೆ ಫೋನ್ ಮಾಡಿ ತಿಳಿಸಿದವರು ಯಾರು?" ಎಂದು ಕೇಳಿದರು. ಅವರನ್ನೇ ಗೊತ್ತುಮಾಡಿಕೊಂಡೆ. ಮೇಲಧಿಕಾರಿಯ ಜೊತೆ ಟಿಪ್ಪಣಿ ಹಿಡಿದು ಕುಳಿತದ್ದೂ ಆಯಿತು, ನಾನು ಮರೆತಿದ್ದ ಎರಡು ಸಂಗತಿಗಳನ್ನು ಅವರೇ ಎತ್ತಿದರು. ಇನ್ನೊಂದು ಸಣ್ಣ ಪ್ರಶ್ನೆ: ಕಾಯುವ ಪಟ್ಟಿಗೆ ಬಿದ್ದರೆ, ಅಥವಾ ವಿದ್ಯಾರ್ಥಿವೇತನದ ಬಗ್ಗೆ ಮಾತನಾಡಬೇಕಾಗಿ ಬಂದರೆ ಅವರ ನೆರವು ಬೇಕಾಗುತ್ತದೆಯೇ?

ಮರುಅರ್ಜಿ

ಕಾಯುವ ಪಟ್ಟಿಗೆ ಬಿದ್ದಾಗ ಮೊದಲು ಶಾಲೆಯ ಪತ್ರವನ್ನು ಓದಿ. ಹೊಸ ಮಾಹಿತಿ ಕಳಿಸಬೇಡಿ ಎಂದು ಕೆಲವರು ಸ್ಪಷ್ಟವಾಗಿ ಬರೆದಿರುತ್ತಾರೆ, ಅಲ್ಲಿ ಯಾವ ಸಲಹೆಗಾರರೂ ಏನೂ ಮಾಡಲಾರರು. ಕಳಿಸಬಹುದು ಎಂದಿದ್ದರೆ ಬಡ್ತಿ, ಹೊಸ ಜವಾಬ್ದಾರಿ, ಹೆಚ್ಚಿದ ಜಿಮ್ಯಾಟ್ ಅಂಕ ಇಂಥದ್ದೇನಾದರೂ ಇದ್ದಾಗ ಒಂದು ಪುಟ ಬರೆಯಿರಿ. ಹೇಳಲು ಏನೂ ಇಲ್ಲದೆ ಪ್ರತಿ ವಾರ ಪತ್ರ ಬರೆಯುವುದು ಬೇಡ.

ವಿದ್ಯಾರ್ಥಿವೇತನಕ್ಕೆ ಇನ್ನೊಂದು ಶಾಲೆ ಕೊಟ್ಟ ಪತ್ರವನ್ನು ಜೊತೆಗಿಟ್ಟು ವಿನಯದಿಂದ ಕೇಳಿದರೆ ಹಲವು ಶಾಲೆಗಳು ಮರುಪರಿಶೀಲಿಸುತ್ತವೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಮಾತ್ರ ಆರ್ಥಿಕ ಅಗತ್ಯವನ್ನು ನೋಡಿ ನೆರವು ಕೊಡುತ್ತವೆ, ಅಲ್ಲಿ ಇನ್ನೊಬ್ಬರ ಪತ್ರ ತೋರಿಸಿ ಪ್ರಯೋಜನವಿಲ್ಲ. ಸೀಟು ಕಾಯ್ದಿರಿಸುವ ಠೇವಣಿ ಕಟ್ಟುವ ಮೊದಲೇ ಕೇಳಿ.